ನಿಟಿನಾಲ್ ತಂತಿಗೆ ಗಣಿತದ ಮಾಡೆಲ್ ಕಟ್ಟುವುದು ಹೇಗೆ: ಕಾಗದದ ಲೆಕ್ಕದಿಂದ ಕೋಡ್‌ವರೆಗೆ

60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿರುವ ಒಂದು ನಿಟಿನಾಲ್ (ನಿಕಲ್-ಟೈಟಾನಿಯಂ ಮಿಶ್ರಲೋಹ) ತಂತಿ ಇದೆ ಅಂದುಕೊಳ್ಳಿ. ಅದರ ಮೇಲೆ 250 ಮೆಗಾಪ್ಯಾಸ್ಕಲ್ ಸ್ಟ್ರೆಸ್ (ಎಳೆಯುವ ಬಲ ÷ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ) ಇದೆ. ತಂತಿ ಎಷ್ಟು ಹಿಗ್ಗಿದೆ? ಈ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಸೊನ್ನೆಯಿಂದ ಎಳೆಯುತ್ತಾ ಇಲ್ಲಿಗೆ ಬಂದಿದ್ದರೆ ಅದು ಶೇ. 0.37ರಷ್ಟು ಹಿಗ್ಗಿರುತ್ತದೆ. ಮೊದಲು ಜೋರಾಗಿ ಎಳೆದು, ಆಮೇಲೆ ಸಡಿಲ ಬಿಡುತ್ತಾ ಬಂದಿದ್ದರೆ ಶೇ. 3.8ರಷ್ಟು. ಅದೇ ತಾಪ, ಅದೇ ಸ್ಟ್ರೆಸ್, ಆದರೆ ಹತ್ತು ಪಟ್ಟು ವ್ಯತ್ಯಾಸ.

ಆಕಾರ ನೆನಪಿಡುವ ಮಿಶ್ರಲೋಹಗಳ ಲೆಕ್ಕದಲ್ಲಿ ಹೊಸಬರು ಎಡವುವುದು ಇಲ್ಲೇ. ಲೋಹ ಈಗ ಎಲ್ಲಿದೆ ಎಂದು ತಿಳಿದರೆ ಸಾಲದು, ಎಲ್ಲಿಂದ ಬಂತು ಎನ್ನುವುದೂ ಲೆಕ್ಕದಲ್ಲಿ ಇರಬೇಕು. ಸಮೀಕರಣಗಳು ನಿಜಕ್ಕೂ ಕಷ್ಟದವಲ್ಲ. ಪಿಯುಸಿ ಗಣಿತ ಗೊತ್ತಿದ್ದವರು ಕ್ಯಾಲ್ಕುಲೇಟರ್ ಹಿಡಿದು ಮಾಡಬಹುದು. ಹಾಗಾಗಿ ಈ ಲೇಖನದಲ್ಲಿ ಒಂದೇ ದಿಕ್ಕಿನಲ್ಲಿ ಎಳೆಯುವ ತಂತಿಯ ಮಾಡೆಲ್ ಅನ್ನು ಮೊದಲು ಕಾಗದದ ಮೇಲೆ ಮಾಡೋಣ. ಕೋಡ್ ಆಮೇಲೆ.

ಲೋಹದ ಒಳಗೆ ಏನಾಗುತ್ತದೆ

ನಿಕಲ್ ಮತ್ತು ಟೈಟಾನಿಯಂ ಹೆಚ್ಚುಕಮ್ಮಿ ಸಮವಾಗಿ ಸೇರಿದ ಮಿಶ್ರಲೋಹಕ್ಕೆ ಎರಡು ಹರಳು ರಚನೆಗಳಿವೆ. ಬಿಸಿ ಇದ್ದಾಗ ಅದು ಆಸ್ಟೆನೈಟ್, ಅಂದರೆ ಘನಾಕಾರದ ಅಚ್ಚುಕಟ್ಟಾದ ರಚನೆ. ತಣಿದಾಗ ಮಾರ್ಟೆನ್‌ಸೈಟ್, ಅಂದರೆ ಓರೆಯಾದ ರಚನೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಪರಮಾಣುಗಳು ಅಕ್ಕಪಕ್ಕದವರನ್ನು ಬಿಟ್ಟು ದೂರ ಹೋಗುವುದಿಲ್ಲ. ಎಲ್ಲವೂ ಒಟ್ಟಿಗೆ ಸ್ವಲ್ಪ ಸರಿಯುತ್ತವೆ. ಅದಕ್ಕೇ ಈ ಬದಲಾವಣೆ ಹಿಂದಕ್ಕೂ ನಡೆಯುತ್ತದೆ.

ಮಾರ್ಟೆನ್‌ಸೈಟ್ ಹುಟ್ಟುವುದಕ್ಕೆ ಎರಡು ದಾರಿ. ಸುಮ್ನೆ ತಣಿಸಿದರೆ ಓರೆಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಎನ್ನುವ ಹಾಗೆ ಜೋಡಿಯಾಗಿ ಹುಟ್ಟುತ್ತವೆ. ಒಂದರ ವಾಲುವಿಕೆಯನ್ನು ಇನ್ನೊಂದು ಸರಿದೂಗಿಸುವುದರಿಂದ ತಂತಿಯ ಉದ್ದ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ. ಎಳೆದರೆ ಎಲ್ಲಾ ಓರೆಗಳೂ ಎಳೆತಕ್ಕೆ ಒಗ್ಗುವ ಕಡೆಗೇ ತಿರುಗುತ್ತವೆ. ಆಗ ತಂತಿ ಉದ್ದವಾಗುತ್ತದೆ. ಮೊದಲನೆಯದನ್ನು ಇಲ್ಲಿ 'ತಂಪಿನ ಪಾಲು' ಎಂದು ಕರೆಯುತ್ತೇನೆ, ಎರಡನೆಯದನ್ನು 'ಎಳೆತದ ಪಾಲು'. ಎರಡೂ ಸೇರಿದ್ದು ಒಟ್ಟು ಪಾಲು. ಅದು ಸೊನ್ನೆ ಆದರೆ ಪೂರ್ತಿ ಆಸ್ಟೆನೈಟ್, ಒಂದು ಆದರೆ ಪೂರ್ತಿ ಮಾರ್ಟೆನ್‌ಸೈಟ್.

ಮಾಡೆಲ್ ಬರೆಯಲು ಇಷ್ಟು ಲೋಹಶಾಸ್ತ್ರ ಸಾಕು.

ಯಾವ ಮಾಡೆಲ್ ತೆಗೆದುಕೊಳ್ಳಬೇಕು

ಆಯ್ಕೆಗಳು ಬಹಳ ಇವೆ. 1986ರಲ್ಲಿ ಟನಾಕಾ ಪಾಲನ್ನು ಘಾತೀಯ ಫಲನದಲ್ಲಿ ಬರೆದರು. 1990ರಲ್ಲಿ ಲಿಯಾಂಗ್ ಮತ್ತು ರಾಜರ್ಸ್ ಅದರ ಬದಲು ಕೊಸೈನ್ ಇಟ್ಟರು. ಘಾತೀಯ ಫಲನ ಒಂದರ ಹತ್ತಿರ ಹೋಗುತ್ತಲೇ ಇರುತ್ತದೆ, ಮುಟ್ಟುವುದಿಲ್ಲ. ಕೊಸೈನ್‌ಗೆ ಸ್ಪಷ್ಟವಾದ ಶುರು ಇದೆ, ಸ್ಪಷ್ಟವಾದ ಕೊನೆ ಇದೆ. 1993ರಲ್ಲಿ ಬ್ರಿನ್ಸನ್ ಪಾಲನ್ನು ತಂಪಿನದು, ಎಳೆತದ್ದು ಎಂದು ಎರಡಾಗಿ ಒಡೆದರು. ಅದಕ್ಕೂ ಮೊದಲಿನ ಮಾಡೆಲ್‌ಗಳಲ್ಲಿ ಒಂದೇ ಪಾಲು ಇದ್ದುದರಿಂದ, ತಣಿದ ತಂತಿಯನ್ನು ಎಳೆದಾಗ ಏನಾಗುತ್ತದೆ ಎಂದು ಸರಿಯಾಗಿ ಹೇಳಲು ಆಗುತ್ತಿರಲಿಲ್ಲ.

ಮೂರು ಆಯಾಮದ ಕೆಲಸಕ್ಕೆ ಬಾಯ್ಡ್ ಮತ್ತು ಲಗೌಡಾಸ್, ಔರಿಕಿಯೊ ಮತ್ತು ಟೇಲರ್ ಅವರ ಮಾಡೆಲ್‌ಗಳಿವೆ. ಆದರೆ ತಂತಿ, ಸ್ಪ್ರಿಂಗ್, ಆಕ್ಚುಯೇಟರ್ (ಚಲನೆ ಕೊಡುವ ಸಾಧನ) ಕೆಲಸಕ್ಕೆ ಬ್ರಿನ್ಸನ್ ಮಾಡೆಲ್ ಸಾಕು. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಶುರು ಇಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದರ ಪ್ರತಿಯೊಂದು ಸಂಖ್ಯೆಯನ್ನೂ ಪ್ರಯೋಗದ ಗ್ರಾಫ್ ಮೇಲೆ ಬೆರಳಿಟ್ಟು ತೋರಿಸಬಹುದು.

ಮೊದಲ ಹೆಜ್ಜೆ: ಸಂಖ್ಯೆಗಳನ್ನು ಕೂಡಿಸಿ

ನಾಲ್ಕು ತಾಪಗಳು ಬೇಕು. ತಣಿಸುವಾಗ ಮಾರ್ಟೆನ್‌ಸೈಟ್ ಶುರುವಾಗುವ ಎಂಎಸ್, ಮುಗಿಯುವ ಎಂಎಫ್. ಬಿಸಿ ಮಾಡುವಾಗ ಆಸ್ಟೆನೈಟ್ ಶುರುವಾಗುವ ಎಎಸ್, ಮುಗಿಯುವ ಎಎಫ್. ಇವುಗಳ ಜೊತೆಗೆ ಎರಡು ಮಾಡ್ಯುಲಸ್ (ಲೋಹದ ಬಿಗಿತ), ಎರಡು ಇಳಿಜಾರು (ತಾಪ ಒಂದು ಡಿಗ್ರಿ ಏರಿದರೆ ಬದಲಾವಣೆಯ ಸ್ಟ್ರೆಸ್ ಎಷ್ಟು ಏರುತ್ತದೆ ಎನ್ನುವುದು), ಎರಡು ಮಿತಿ ಸ್ಟ್ರೆಸ್, ಒಂದು ಗರಿಷ್ಠ ಸ್ಟ್ರೇನ್ (ಹಿಗ್ಗಿದ ಉದ್ದ ÷ ಮೂಲ ಉದ್ದ). ಬ್ರಿನ್ಸನ್ ಮಾಡೆಲ್ ಕಲಿಸುವಾಗ ಸಾಮಾನ್ಯವಾಗಿ ಬಳಸುವ ನಿಟಿನಾಲ್ ಸಂಖ್ಯೆಗಳು ಇವು:

- ಎಂಎಫ್ 9, ಎಂಎಸ್ 18.4, ಎಎಸ್ 34.5, ಎಎಫ್ 49 ಡಿಗ್ರಿ ಸೆಲ್ಸಿಯಸ್
- ಆಸ್ಟೆನೈಟ್ ಮಾಡ್ಯುಲಸ್ 67 ಗಿಗಾಪ್ಯಾಸ್ಕಲ್, ಮಾರ್ಟೆನ್‌ಸೈಟ್ ಮಾಡ್ಯುಲಸ್ 26.3 ಗಿಗಾಪ್ಯಾಸ್ಕಲ್
- ಮಾರ್ಟೆನ್‌ಸೈಟ್ ಇಳಿಜಾರು ಡಿಗ್ರಿಗೆ 8 ಮೆಗಾಪ್ಯಾಸ್ಕಲ್, ಆಸ್ಟೆನೈಟ್ ಇಳಿಜಾರು ಡಿಗ್ರಿಗೆ 13.8 ಮೆಗಾಪ್ಯಾಸ್ಕಲ್
- ಓರೆಗಳು ತಿರುಗಲು ಶುರುವಾಗುವ ಸ್ಟ್ರೆಸ್ 100, ಮುಗಿಯುವ ಸ್ಟ್ರೆಸ್ 170 ಮೆಗಾಪ್ಯಾಸ್ಕಲ್
- ಬದಲಾವಣೆಯಿಂದ ಸಿಗುವ ಗರಿಷ್ಠ ಸ್ಟ್ರೇನ್ 0.067, ಅಂದರೆ ಶೇ. 6.7

ಇವನ್ನು ಅಭ್ಯಾಸಕ್ಕೆ ಬಳಸಿ. ನಿಮ್ಮ ಕೈಯಲ್ಲಿರುವ ತಂತಿಗೆ ಬಳಸಬೇಡಿ. ನಿಕಲ್ ಜಾಸ್ತಿ ಇರುವ ನಿಟಿನಾಲ್‌ನಲ್ಲಿ ನಿಕಲ್ ಪ್ರಮಾಣ ಪರಮಾಣು ಲೆಕ್ಕದಲ್ಲಿ ಶೇ. 0.1ರಷ್ಟು ಬದಲಾದರೂ ಈ ತಾಪಗಳು ಹತ್ತು ಡಿಗ್ರಿ ಅಥವಾ ಅದಕ್ಕೂ ಜಾಸ್ತಿ ಸರಿಯುತ್ತವೆ. ಶಾಖ ಸಂಸ್ಕಾರ ಬದಲಾದರೂ ಅಷ್ಟೇ. ಎರಡು ಬೇರೆ ಪ್ರಬಂಧಗಳಿಂದ ಅರ್ಧರ್ಧ ಸಂಖ್ಯೆ ಎತ್ತಿಕೊಂಡು ಒಂದು ಮಾಡೆಲ್‌ಗೆ ಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಒಂದು ತಂತಿಯ ಸಂಖ್ಯೆಗಳೆಲ್ಲ ಒಂದೇ ತಂತಿಯಿಂದ ಬರಬೇಕು.

ನಿಮ್ಮದೇ ತಂತಿ ಇದ್ದರೆ ಎರಡು ಬಗೆಯ ಪರೀಕ್ಷೆ ಮಾಡಿಸಿ. ತಾಪಗಳಿಗೆ ಡಿಎಸ್‌ಸಿ ಪರೀಕ್ಷೆ (ಬಿಸಿ ಮಾಡುವಾಗ, ತಣಿಸುವಾಗ ಲೋಹ ಎಷ್ಟು ಶಾಖ ಹೀರುತ್ತದೆ, ಬಿಡುತ್ತದೆ ಎಂದು ಅಳೆಯುವುದು), ಅದರ ವಿಧಾನ ಎಎಸ್‌ಟಿಎಂ ಸಂಸ್ಥೆಯ ಎಫ್2004 ಮಾನದಂಡದಲ್ಲಿದೆ. ಎಳೆತಕ್ಕೆ ಎಎಸ್‌ಟಿಎಂ ಎಫ್2516: ಶೇ. 6ರ ತನಕ ಎಳೆದು, ಪೂರ್ತಿ ಬಿಟ್ಟು, ಆಮೇಲೆ ತುಂಡಾಗುವ ತನಕ ಎಳೆಯುವ ಪರೀಕ್ಷೆ. ಇಳಿಜಾರು ಸಿಗಬೇಕಾದರೆ ಎಳೆತದ ಪರೀಕ್ಷೆಯನ್ನು ಎಎಫ್‌ಗಿಂತ ಮೇಲಿನ ಕನಿಷ್ಠ ಮೂರು ತಾಪಗಳಲ್ಲಿ ಮಾಡಬೇಕು. ಪ್ರತಿ ಗ್ರಾಫ್‌ನಲ್ಲಿ ಗೆರೆ ಬಾಗುವ ಜಾಗಕ್ಕೆ ಎರಡು ಸ್ಪರ್ಶರೇಖೆ ಎಳೆದು, ಅವು ಸೇರುವ ಬಿಂದುವಿನ ಸ್ಟ್ರೆಸ್ ಓದಿ. ತಾಪಕ್ಕೆ ಎದುರಾಗಿ ಆ ಸ್ಟ್ರೆಸ್‌ಗಳನ್ನು ಇಟ್ಟು ನೇರ ಗೆರೆ ಹಾಯಿಸಿದರೆ ಇಳಿಜಾರು ಬಂತು. ಎರಡೇ ತಾಪದಲ್ಲಿ ಮಾಡಿದರೆ ಗೆರೆ ಯಾವಾಗಲೂ ಚೆನ್ನಾಗಿಯೇ ಕೂರುತ್ತದೆ, ತಪ್ಪಿದ್ದರೂ ಗೊತ್ತಾಗುವುದಿಲ್ಲ.

ಹೊಸ ತಂತಿಯನ್ನು ನೇರವಾಗಿ ಅಳೆಯಬೇಡಿ. ಮೊದಲ ಕೆಲವು ಸುತ್ತುಗಳಲ್ಲಿ ಎಳೆಯುವಾಗ ಬದಲಾವಣೆಗೆ ಬೇಕಾದ ಸ್ಟ್ರೆಸ್ ಇಳಿಯುತ್ತಾ ಹೋಗುತ್ತದೆ, ಸ್ವಲ್ಪ ಸ್ವಲ್ಪ ಸ್ಟ್ರೇನ್ ಒಳಗೇ ಉಳಿಯುತ್ತದೆ. ಗ್ರಾಫ್ ಒಂದರ ಮೇಲೊಂದು ಕೂರುವ ತನಕ ಎಳೆದು ಬಿಟ್ಟು ಪಳಗಿಸಿ, ಆಮೇಲೆ ಅಳೆಯಿರಿ. ಮಾಡೆಲ್‌ಗೆ ಈ ಪಳಗುವಿಕೆ ಗೊತ್ತಿಲ್ಲ.

ಇಳಿಜಾರನ್ನು ಪರೀಕ್ಷಿಸಲು ಒಂದು ಒಳ್ಳೆಯ ಉಪಾಯ ಇದೆ. ಕ್ಲಾಸಿಯಸ್-ಕ್ಲಾಪಿರಾನ್ ಸಂಬಂಧದ ಪ್ರಕಾರ:

ಇಳಿಜಾರು = ಸಾಂದ್ರತೆ × ಗುಪ್ತಶಾಖ ÷ (ಕೆಲ್ವಿನ್ ತಾಪ × ಗರಿಷ್ಠ ಸ್ಟ್ರೇನ್)

ನಿಟಿನಾಲ್ ಸಾಂದ್ರತೆ ಘನ ಮೀಟರಿಗೆ 6450 ಕಿಲೋಗ್ರಾಂ. ಗುಪ್ತಶಾಖವನ್ನು ಗ್ರಾಂಗೆ 20 ಜೂಲ್ ಎಂದು ಇಟ್ಟುಕೊಳ್ಳಿ, ತಾಪ 300 ಕೆಲ್ವಿನ್. ಲೆಕ್ಕ ಹಾಕಿದರೆ ಡಿಗ್ರಿಗೆ ಸುಮಾರು 6.4 ಮೆಗಾಪ್ಯಾಸ್ಕಲ್ ಬರುತ್ತದೆ. ನಮ್ಮ ಪಟ್ಟಿಯ 8 ಅದಕ್ಕೆ ಹತ್ತಿರ ಇದೆ. 13.8 ಜಾಸ್ತಿಯೇ. ಒಂದು ಸಾಮಗ್ರಿಗೆ ಹೀಗೆ ಬರಬಹುದು, ಆದರೆ ನಿಮ್ಮ ಅಳತೆಯಲ್ಲಿ 0.8 ಅಥವಾ 60 ಬಂದರೆ ಘಟಕ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಎರಡನೇ ಹೆಜ್ಜೆ: ನಾಲ್ಕು ಗೆರೆಗಳ ನಕ್ಷೆ

ಅಡ್ಡಕ್ಕೆ ತಾಪ, ಉದ್ದಕ್ಕೆ ಸ್ಟ್ರೆಸ್ ಇರುವ ಗ್ರಾಫ್ ತೆಗೆದುಕೊಳ್ಳಿ. ಎಂಎಸ್‌ಗಿಂತ ಮೇಲಿನ ತಾಪದಲ್ಲಿ ನಾಲ್ಕು ಗೆರೆ ಎಳೆಯಬೇಕು. ಎಳೆಯುವಾಗಿನ ಎರಡನ್ನು 'ಹೋಗುವ ದಾರಿ' ಅನ್ನೋಣ, ಬಿಡುವಾಗಿನ ಎರಡನ್ನು 'ಬರುವ ದಾರಿ'.

- ಹೋಗುವಾಗ ಶುರು = 100 + 8 × (ತಾಪ − ಎಂಎಸ್)
- ಹೋಗುವಾಗ ಕೊನೆ = 170 + 8 × (ತಾಪ − ಎಂಎಸ್)
- ಬರುವಾಗ ಶುರು = 13.8 × (ತಾಪ − ಎಎಸ್)
- ಬರುವಾಗ ಕೊನೆ = 13.8 × (ತಾಪ − ಎಎಫ್)

ಎಂಎಸ್‌ಗಿಂತ ಕೆಳಗೆ ಹೋಗುವ ದಾರಿಯ ಎರಡೂ ಗೆರೆ 100 ಮತ್ತು 170ರಲ್ಲಿ ಸಮತಟ್ಟಾಗಿ ಮುಂದುವರಿಯುತ್ತವೆ.

ಈ ನಕ್ಷೆ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು. ಯಾವ ಪ್ರಯೋಗವನ್ನಾದರೂ ಅದರ ಮೇಲೆ ಒಂದು ಹಾದಿಯಾಗಿ ಎಳೆಯಬಹುದು. ತಾಪ ಬದಲಿಸದೆ ಎಳೆದರೆ ನೆಟ್ಟಗೆ ಮೇಲೆ ಹೋಗುತ್ತೀರಿ. ತೂಕ ನೇತುಹಾಕಿ ಬಿಸಿ ಮಾಡಿದರೆ ಅಡ್ಡಡ್ಡ ಹೋಗುತ್ತೀರಿ. ಹಾದಿ ಯಾವ ಗೆರೆಯನ್ನು ಯಾವ ದಿಕ್ಕಿನಿಂದ ದಾಟುತ್ತದೆ ಎನ್ನುವುದನ್ನು ಕಣ್ಣಲ್ಲೇ ನೋಡಬಹುದು. ಸಮೀಕರಣಕ್ಕೆ ಹೋಗುವ ಮೊದಲು ನಿಮ್ಮ ಪ್ರಯೋಗದ ಹಾದಿಯನ್ನು ಪೆನ್ಸಿಲ್‌ನಲ್ಲಿ ಎಳೆದು ನೋಡಿ.

ಮೂರನೇ ಹೆಜ್ಜೆ: ಎರಡು ಪ್ರಶ್ನೆ, ಎರಡು ಉತ್ತರ

ಮಾಡೆಲ್ ಉತ್ತರಿಸಬೇಕಾದ ಪ್ರಶ್ನೆಗಳು ಎರಡೇ. ಇಷ್ಟು ಪಾಲು ಇದ್ದರೆ ಸ್ಟ್ರೆಸ್ ಮತ್ತು ಸ್ಟ್ರೇನ್‌ಗೆ ಏನು ಸಂಬಂಧ? ಇಷ್ಟು ಸ್ಟ್ರೆಸ್ ಮತ್ತು ತಾಪ ಇದ್ದರೆ ಪಾಲು ಎಷ್ಟು? ಇವೆರಡನ್ನೂ ಕೋಡ್‌ನಲ್ಲಿ ಬೇರೆ ಬೇರೆ ಫಂಕ್ಷನ್ ಆಗಿ ಬರೆಯಿರಿ. ಕಲಸಿ ಬರೆದರೆ ತಪ್ಪು ಹುಡುಕುವುದು ಬಹಳ ಕಷ್ಟ.

ಮೊದಲನೆಯದಕ್ಕೆ ಉತ್ತರ ಸರಳ:

ಮಾಡ್ಯುಲಸ್ = 67 − 40.7 × ಒಟ್ಟು ಪಾಲು (ಗಿಗಾಪ್ಯಾಸ್ಕಲ್‌ನಲ್ಲಿ)
ಸ್ಟ್ರೆಸ್ = ಮಾಡ್ಯುಲಸ್ × (ಸ್ಟ್ರೇನ್ − 0.067 × ಎಳೆತದ ಪಾಲು)

ಒಟ್ಟು ಪಾಲು ಮಾಡ್ಯುಲಸ್ ಅನ್ನು ಇಳಿಸುತ್ತದೆ. ಉದ್ದ ಕೊಡುವುದು ಎಳೆತದ ಪಾಲು ಮಾತ್ರ. ತಾಪ ಬದಲಾಗುವ ಪ್ರಯೋಗದಲ್ಲಿ ಶಾಖದಿಂದ ಆಗುವ ಹಿಗ್ಗುವಿಕೆಗೆ ಒಂದು ಪದ ಸೇರಿಸಬೇಕು. ಅದು ಚಿಕ್ಕದು, ಇಲ್ಲಿ ಬಿಟ್ಟಿದ್ದೇನೆ.

ಎರಡನೆಯದಕ್ಕೆ, ಹೋಗುವ ದಾರಿಯಲ್ಲಿ ('ಹಳೆ ಪಾಲು' ಎಂದರೆ ದಿಕ್ಕು ಬದಲಾದ ಕ್ಷಣದಲ್ಲಿ ಇದ್ದ ಪಾಲು):

ಎಳೆತದ ಪಾಲು = (1 − ಹಳೆ ಪಾಲು)/2 × ಕೊಸೈನ್[ಪೈ × (ಸ್ಟ್ರೆಸ್ − ಕೊನೆ)/(ಶುರು − ಕೊನೆ)] + (1 + ಹಳೆ ಪಾಲು)/2

ಬರುವ ದಾರಿಯಲ್ಲಿ:

ಪಾಲು = ಹಳೆ ಪಾಲು/2 × {ಕೊಸೈನ್[ಪೈ × (ತಾಪ − ಎಎಸ್ − ಸ್ಟ್ರೆಸ್/13.8)/(ಎಎಫ್ − ಎಎಸ್)] + 1}

ನೋಡಲು ಉದ್ದ ಇದೆ, ಅಷ್ಟೇ. ಮೊದಲನೆಯದರಲ್ಲಿ ಸ್ಟ್ರೆಸ್ ಶುರುವಿನಲ್ಲಿದ್ದರೆ ಕೊಸೈನ್ ಬೆಲೆ −1, ಹಾಗಾಗಿ ಪಾಲು ಹಳೆ ಪಾಲೇ ಆಗಿ ಉಳಿಯುತ್ತದೆ. ಸ್ಟ್ರೆಸ್ ಕೊನೆಯಲ್ಲಿದ್ದರೆ ಕೊಸೈನ್ 1, ಪಾಲು ಒಂದಾಗುತ್ತದೆ. ಬರುವ ದಾರಿಯಲ್ಲೂ ಹೀಗೇ ಎರಡು ತುದಿಯನ್ನು ನೀವೇ ಹಾಕಿ ನೋಡಿ. ಗೆರೆಗಳ ಆಚೆ ಸೂತ್ರ ಬಳಸಬಾರದು, ಯಾಕೆಂದರೆ ಕೊಸೈನ್ ಮತ್ತೆ ತಿರುಗಿ ಬರುತ್ತದೆ. ಹೋಗುವಾಗ ಕೊನೆ ದಾಟಿದರೆ ಪಾಲು 1 ಎಂದೇ ಇಡಿ. ಬರುವಾಗ ಕೊನೆ ದಾಟಿದರೆ 0.

ನಾಲ್ಕನೇ ಹೆಜ್ಜೆ: 60 ಡಿಗ್ರಿಯಲ್ಲಿ ಕೈಲೆಕ್ಕ

60 ಡಿಗ್ರಿ ಎಎಫ್‌ಗಿಂತ ಮೇಲಿದೆ, ಹಾಗಾಗಿ ತಂತಿ ಪೂರ್ತಿ ಆಸ್ಟೆನೈಟ್. ನಾಲ್ಕು ಗೆರೆಗಳ ಬೆಲೆ ಹಾಕಿದರೆ: ಹೋಗುವಾಗ ಶುರು 432.8, ಕೊನೆ 502.8. ಬರುವಾಗ ಶುರು 351.9, ಕೊನೆ 151.8 ಮೆಗಾಪ್ಯಾಸ್ಕಲ್.

ಈಗ ಎಳೆಯಿರಿ. 432.8ರ ತನಕ ಅದು ಸಾಮಾನ್ಯ ಲೋಹ. ಸ್ಟ್ರೇನ್ 432.8 ÷ 67000, ಅಂದರೆ ಶೇ. 0.65. ಮುಂದೆ 450ಕ್ಕೆ ಬಂದಾಗ ಕೊಸೈನ್ ಸೂತ್ರ ಪಾಲನ್ನು 0.142 ಎನ್ನುತ್ತದೆ. ಮಾಡ್ಯುಲಸ್ 61.2ಕ್ಕೆ ಇಳಿದಿದೆ, ಸ್ಟ್ರೇನ್ ಶೇ. 1.68. ಸರಿಯಾಗಿ ನಡುವೆ, 467.8ರಲ್ಲಿ, ಪಾಲು 0.5, ಮಾಡ್ಯುಲಸ್ 46.65, ಸ್ಟ್ರೇನ್ ಶೇ. 4.35. 502.8ರಲ್ಲಿ ಪಾಲು 1, ಸ್ಟ್ರೇನ್ ಶೇ. 8.6. ಬರೀ 70 ಮೆಗಾಪ್ಯಾಸ್ಕಲ್ ಏರುವಷ್ಟರಲ್ಲಿ ಸ್ಟ್ರೇನ್ ಹದಿಮೂರು ಪಟ್ಟಾಯಿತು, ಅಲ್ವಾ? ಗ್ರಾಫ್‌ನಲ್ಲಿ ಕಾಣುವ ಉದ್ದನೆಯ ಸಮತಟ್ಟು ಇದೇ.

ಇನ್ನು ಬಿಡಿ. 351.9ರ ತನಕ ಏನೂ ಬದಲಾಗದು. ಪಾಲು 1 ಆಗಿಯೇ ಇರುತ್ತದೆ, ತಂತಿ ಮಾರ್ಟೆನ್‌ಸೈಟ್‌ನ ಮಾಡ್ಯುಲಸ್‌ನಲ್ಲಿ ಸಡಿಲವಾಗಿ ಶೇ. 8.04ಕ್ಕೆ ಬರುತ್ತದೆ. 250ರಲ್ಲಿ ಪಾಲು 0.486, ಸ್ಟ್ರೇನ್ ಶೇ. 3.78. 151.8ರಲ್ಲಿ ಪಾಲು ಸೊನ್ನೆ, ಸ್ಟ್ರೇನ್ ಶೇ. 0.23. ಅಲ್ಲಿಂದ ನೇರವಾಗಿ ಸೊನ್ನೆಗೆ. ಇದಕ್ಕೆ ಸೂಪರ್‌ಎಲಾಸ್ಟಿಕ್ ವರ್ತನೆ ಎನ್ನುತ್ತಾರೆ.

ಹೋದ ಗೆರೆಗೂ ಬಂದ ಗೆರೆಗೂ ನಡುವೆ ಇರುವ ಜಾಗ ಶಾಖವಾಗಿ ಹೋದ ಶಕ್ತಿ. ಅಂದಾಜಿಗೆ ಎರಡು ಸಮತಟ್ಟುಗಳ ಸರಾಸರಿ ಅಂತರ 216 ಮೆಗಾಪ್ಯಾಸ್ಕಲ್ ಎಂದುಕೊಂಡು 0.067ರಿಂದ ಗುಣಿಸಿದರೆ ಒಂದು ಸುತ್ತಿಗೆ ಘನ ಮೀಟರಿಗೆ 14.5 ಮೆಗಾಜೂಲ್. ಅದುರುವಿಕೆ ತಡೆಯುವ ಡ್ಯಾಂಪರ್‌ಗಳಲ್ಲಿ ಈ ಲೋಹ ಬಳಸುವುದು ಈ ಗುಣಕ್ಕಾಗಿಯೇ.

ಈ ಎಂಟು ಹತ್ತು ಬಿಂದುಗಳನ್ನು ಗ್ರಾಫ್ ಹಾಳೆಯಲ್ಲಿ ಇಟ್ಟು ಜೋಡಿಸಿ, ಹಾಳೆಯನ್ನು ಜೋಪಾನ ಮಾಡಿ. ನಾಳೆ ಕೋಡ್ ಬರೆದಾಗ ಅದರ ಉತ್ತರ ಈ ಹಾಳೆಗೆ ಹೊಂದಬೇಕು.

ಐದನೇ ಹೆಜ್ಜೆ: ಕೋಡ್

ಸ್ಟ್ರೆಸ್ ಕೊಟ್ಟು ಸ್ಟ್ರೇನ್ ಕೇಳಿದರೆ ಕೋಡ್ ಹತ್ತು ಸಾಲು. ಮೇಲೆ ಕೈಯಲ್ಲಿ ಮಾಡಿದ್ದೇ. ಆದರೆ ಪರೀಕ್ಷಾ ಯಂತ್ರಗಳು ಸಾಮಾನ್ಯವಾಗಿ ಉದ್ದವನ್ನು ನಿಯಂತ್ರಿಸಿ ಬಲವನ್ನು ಅಳೆಯುತ್ತವೆ. ಆಗ ಸ್ಟ್ರೇನ್ ಕೊಟ್ಟು ಸ್ಟ್ರೆಸ್ ಕೇಳಬೇಕು. ಸ್ಟ್ರೆಸ್ ಗೊತ್ತಾಗಲು ಪಾಲು ಬೇಕು, ಪಾಲು ಗೊತ್ತಾಗಲು ಸ್ಟ್ರೆಸ್ ಬೇಕು.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ: ಒಂದು ಸ್ಟ್ರೆಸ್ ಊಹಿಸು, ಪಾಲು ಲೆಕ್ಕ ಹಾಕು, ಹೊಸ ಸ್ಟ್ರೆಸ್ ತೆಗೆ, ಮತ್ತೆ ಅದನ್ನೇ ಹಾಕು. ದಯವಿಟ್ಟು ಹಾಗೆ ಮಾಡಬೇಡಿ. 60 ಡಿಗ್ರಿಯಲ್ಲಿ ಸ್ಟ್ರೇನ್ ಶೇ. 4 ಎಂದಿಟ್ಟುಕೊಂಡು ನೋಡೋಣ. ಸರಿಯಾದ ಉತ್ತರ ಸುಮಾರು 465.7. ನೀವು ಅದರ ಪಕ್ಕದಲ್ಲೇ, 465ರಿಂದ ಶುರು ಮಾಡಿದಿರಿ. ಪಾಲು 0.437 ಬರುತ್ತದೆ, ಅದರಿಂದ ಹೊಸ ಸ್ಟ್ರೆಸ್ 526. ಅದು ಕೊನೆಯ ಗೆರೆಯನ್ನೂ ದಾಟಿದೆ, ಹಾಗಾಗಿ ಪಾಲು 1. ಮುಂದಿನ ಸ್ಟ್ರೆಸ್ 26300 × (0.04 − 0.067), ಅಂದರೆ −710! ಒಂದು ಮೆಗಾಪ್ಯಾಸ್ಕಲ್‌ಗಿಂತ ಕಮ್ಮಿ ತಪ್ಪಿನಿಂದ ಹೊರಟು ಎರಡೇ ಹೆಜ್ಜೆಯಲ್ಲಿ ಎಳೆತ ಹೋಗಿ ಒತ್ತಡ ಆಯಿತು. ಸಮತಟ್ಟಿನಲ್ಲಿ ಸ್ಟ್ರೆಸ್ ಸ್ವಲ್ಪ ಸರಿದರೂ ಪಾಲು ಬಹಳ ಸರಿಯುತ್ತದೆ, ಅದಕ್ಕೆ ಹೀಗಾಗುತ್ತದೆ.

ಸರಿಯಾದ ದಾರಿ ಅರ್ಧಿಸುವ ವಿಧಾನ, ಅಂದರೆ ಉತ್ತರ ಇರುವ ವ್ಯಾಪ್ತಿಯನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹೋಗುವುದು. ಈ ಅಂತರವನ್ನು ಬರೆಯಿರಿ:

ಅಂತರ = ಸ್ಟ್ರೆಸ್ − ಮಾಡ್ಯುಲಸ್ × (ಸ್ಟ್ರೇನ್ − 0.067 × ಎಳೆತದ ಪಾಲು)

ಸ್ಟ್ರೆಸ್ ಏರಿದರೆ ಪಾಲು ಏರುತ್ತದೆ, ಮಾಡ್ಯುಲಸ್ ಇಳಿಯುತ್ತದೆ, ಆವರಣದೊಳಗಿನದೂ ಇಳಿಯುತ್ತದೆ. ಹಾಗಾಗಿ ಎಳೆತದ ವಲಯದಲ್ಲಿ ಅಂತರ ಏರುತ್ತಲೇ ಹೋಗುತ್ತದೆ, ಸೊನ್ನೆಯನ್ನು ಒಂದೇ ಸಲ ದಾಟುತ್ತದೆ. ಎಳೆಯುವಾಗ ಕೆಳಮಿತಿಗೆ ಹಿಂದಿನ ಹೆಜ್ಜೆಯ ಸ್ಟ್ರೆಸ್ ಇಡಿ, ಮೇಲ್ಮಿತಿಗೆ ಪಾಲು ಬದಲಾಗದೇ ಇದ್ದಿದ್ದರೆ ಬರುತ್ತಿದ್ದ ಸ್ಟ್ರೆಸ್. ಶೇ. 4ರ ಉದಾಹರಣೆಯಲ್ಲಿ ಅದು 2680 ಮೆಗಾಪ್ಯಾಸ್ಕಲ್. ಉತ್ತರ ಅವೆರಡರ ನಡುವೆ ಇದ್ದೇ ಇರುತ್ತದೆ. ಮೂವತ್ತು ಸಲ ಅರ್ಧ ಮಾಡಿದರೆ ಬೇಕಾದಷ್ಟು ನಿಖರತೆ ಸಿಗುತ್ತದೆ. ಬಿಡುವಾಗ ಎರಡೂ ಮಿತಿಗಳನ್ನು ಅದಲು ಬದಲು ಮಾಡಿ. ನ್ಯೂಟನ್ ವಿಧಾನ ವೇಗವಾಗಿದ್ದರೂ ಗೆರೆಗಳ ಮೂಲೆಯಲ್ಲಿ ಆಚೆ ಹಾರುತ್ತದೆ. ಒಂದು ತಂತಿಯ ಲೆಕ್ಕಕ್ಕೆ ಆ ವೇಗ ಬೇಕಾಗಿಯೂ ಇಲ್ಲ.

ಈಗ ಬಂತು ಬಹಳ ಮುಖ್ಯವಾದ ಸಾಲು. ಸೂತ್ರದಲ್ಲಿ 'ಹಳೆ ಪಾಲು' ಎಂದರೆ ಹಿಂದಿನ ಹೆಜ್ಜೆಯ ಪಾಲು ಅಲ್ಲ. ದಿಕ್ಕು ಬದಲಾದ ಕ್ಷಣದಲ್ಲಿ ಇದ್ದ ಪಾಲು. ಎಳೆಯುವುದು ನಿಂತು ಬಿಡುವುದು ಶುರುವಾದಾಗ ಒಮ್ಮೆ ಬರೆದಿಡಿ. ಮತ್ತೆ ಎಳೆಯಲು ಶುರು ಮಾಡಿದಾಗ ಇನ್ನೊಮ್ಮೆ. ನಡುವೆ ಮುಟ್ಟಬೇಡಿ. ಪ್ರತಿ ಹೆಜ್ಜೆಗೂ ಅದನ್ನು ಬದಲಿಸಿದರೆ ಬರುವ ದಾರಿಯ ಸೂತ್ರ ಪಾಲನ್ನು ಮತ್ತೆ ಮತ್ತೆ ಗುಣಿಸಿ ಕರಗಿಸಿಬಿಡುತ್ತದೆ. 60 ಡಿಗ್ರಿಯಲ್ಲಿ, 300 ಮೆಗಾಪ್ಯಾಸ್ಕಲ್‌ಗೆ ಬಂದಾಗ ಸರಿಯಾದ ಪಾಲು 0.84. ತಪ್ಪು ಕೋಡ್‌ನಲ್ಲಿ 1 ಮೆಗಾಪ್ಯಾಸ್ಕಲ್ ಹೆಜ್ಜೆ ಇಡುತ್ತಾ ಬಂದರೆ ಅಲ್ಲಿಗೇ 0.05ರ ಆಸುಪಾಸಿಗೆ ಕುಸಿದಿರುತ್ತದೆ. ಇದನ್ನು ಹಿಡಿಯುವುದು ಸುಲಭ: ಹೆಜ್ಜೆಯ ಗಾತ್ರವನ್ನು ಅರ್ಧ ಮಾಡಿ ಮತ್ತೆ ಓಡಿಸಿ. ಗ್ರಾಫ್ ಕದಲಿದರೆ ಈ ತಪ್ಪು ಇದೆ.

ತಾಪವೂ ಬದಲಾಗುವ ಪ್ರಯೋಗದಲ್ಲಿ ದಿಕ್ಕನ್ನು ಸ್ಟ್ರೆಸ್ ನೋಡಿ ಮಾತ್ರ ಹೇಳಲು ಆಗುವುದಿಲ್ಲ. 'ಸ್ಟ್ರೆಸ್ − 8 × ತಾಪ' ಏರುತ್ತಿದ್ದರೆ ಹೋಗುವ ದಾರಿ. 'ಸ್ಟ್ರೆಸ್ − 13.8 × ತಾಪ' ಇಳಿಯುತ್ತಿದ್ದರೆ ಬರುವ ದಾರಿ. ಗೆರೆಗಳ ಒಳಗೆ ಇಲ್ಲದಿದ್ದರೆ ಪಾಲು ಹೇಗಿತ್ತೋ ಹಾಗೇ ಇರುತ್ತದೆ.

ಕೋಡ್ ಸರಿಯಿದೆಯೇ ಎಂದು ನೋಡಲು ಅರ್ಧ ಸುತ್ತು ಹಾಕಿ. 450 ಮೆಗಾಪ್ಯಾಸ್ಕಲ್ ತನಕ ಎಳೆದು ಬಿಡಿ. ಪಾಲು 0.142ರಲ್ಲೇ ನಿಂತು, 351.9ಕ್ಕೆ ಬಂದಾಗ ಸ್ಟ್ರೇನ್ ಶೇ. 1.52 ಇರಬೇಕು. ಅಲ್ಲಿಂದ ಕರಗಲು ಶುರುವಾಗಿ 151.8ರಲ್ಲಿ ಸೊನ್ನೆ ಆಗಬೇಕು.

ಆರನೇ ಹೆಜ್ಜೆ: ತಣ್ಣಗಿನ ತಂತಿ

5 ಡಿಗ್ರಿಗೆ ಬನ್ನಿ. ಇದು ಎಂಎಫ್‌ಗಿಂತ ಕೆಳಗೆ. ಬಿಸಿಯಿಂದ ಸುಮ್ನೆ ತಣಿಸಿ ತಂದಿದ್ದರೆ ತಂಪಿನ ಪಾಲು 1, ಎಳೆತದ ಪಾಲು 0. ಮಾಡ್ಯುಲಸ್ ಮೊದಲಿನಿಂದಲೂ 26.3. ಹಾಗಾಗಿ 100 ಮೆಗಾಪ್ಯಾಸ್ಕಲ್‌ನಲ್ಲೇ ಶೇ. 0.38 ಹಿಗ್ಗಿರುತ್ತದೆ. 100ರಿಂದ 170ರ ನಡುವೆ ಕೊಸೈನ್ ಸೂತ್ರದ ಪ್ರಕಾರ ಎಳೆತದ ಪಾಲು ಬೆಳೆಯುತ್ತದೆ, ಅಷ್ಟೇ ತಂಪಿನ ಪಾಲು ಕರಗುತ್ತದೆ. ಒಟ್ಟು ಪಾಲು 1 ಆಗಿಯೇ ಇರುತ್ತದೆ. 200ರ ತನಕ ಎಳೆದರೆ ಶೇ. 7.46. ಪೂರ್ತಿ ಬಿಟ್ಟರೆ ಶೇ. 6.7 ಹಾಗೇ ಉಳಿಯುತ್ತದೆ.

ಈಗ ಭಾರ ಏನೂ ಇಲ್ಲದೆ ಬಿಸಿ ಮಾಡಿ. 34.5 ಡಿಗ್ರಿ ತನಕ ಏನೂ ಇಲ್ಲ. ಅಲ್ಲಿಂದ ತಂತಿ ಕುಗ್ಗಲು ಶುರುವಾಗಿ 49ಕ್ಕೆ ಮೊದಲಿನ ಉದ್ದಕ್ಕೆ ವಾಪಸ್. ಎಲ್ಲರೂ ಬೆರಗಾಗಿ ನೋಡುವ ಆಕಾರದ ನೆನಪು ಇದೇ, ಮತ್ತು ಅದು ಸೂಪರ್‌ಎಲಾಸ್ಟಿಕ್ ವರ್ತನೆಗೆ ಬಳಸಿದ ಅದೇ ಸಮೀಕರಣಗಳಿಂದ ಬಂತು. ಎರಡನ್ನೂ ಬೇರೆ ಬೇರೆ ವಿದ್ಯಮಾನ ಎಂದು ಓದಿಕೊಂಡವರಿಗೆ ಈ ಲೆಕ್ಕ ಒಮ್ಮೆ ಕೈಯಾರೆ ಮಾಡಿ ನೋಡಿ ಎನ್ನುತ್ತೇನೆ.

ಎಎಸ್ ಮತ್ತು ಎಎಫ್ ನಡುವಿನ ತಾಪ ಇನ್ನೂ ಕುತೂಹಲದ್ದು. 40 ಡಿಗ್ರಿಯಲ್ಲಿ, ಆಸ್ಟೆನೈಟ್‌ನಿಂದ ಶುರು ಮಾಡಿ ಪೂರ್ತಿ ಎಳೆದು ಬಿಡಿ. ಬರುವಾಗ ಶುರು 75.9 ಮೆಗಾಪ್ಯಾಸ್ಕಲ್. ಬರುವಾಗ ಕೊನೆಯ ಬೆಲೆ ಋಣಾತ್ಮಕ, ಅಂದರೆ ತಂತಿ ಪೂರ್ತಿ ಸಡಿಲವಾದರೂ ಅಲ್ಲಿಗೆ ತಲುಪುವುದಿಲ್ಲ. ಸ್ಟ್ರೆಸ್ ಸೊನ್ನೆ ಆದಾಗ ಪಾಲು 0.685, ಉಳಿದ ಸ್ಟ್ರೇನ್ ಶೇ. 4.6. ಸೂಪರ್‌ಎಲಾಸ್ಟಿಕ್ ಎಂದು ಕೊಂಡ ತಂತಿ ಚಳಿಯಲ್ಲಿ ಬಾಗಿದ್ದು ಬಾಗಿದಂತೆ ಉಳಿದರೆ ತಂತಿ ಕೆಟ್ಟಿದೆ ಎಂದುಕೊಳ್ಳುವ ಮೊದಲು ಎಎಫ್ ಎಷ್ಟು ಎಂದು ನೋಡಿ.

ಏಳನೇ ಹೆಜ್ಜೆ: ಶಾಖವನ್ನು ಮರೆಯಬೇಡಿ

ಇಲ್ಲಿಯ ತನಕ ತಾಪ ನಾವು ಹೇಳಿದಷ್ಟೇ ಇದೆ ಎಂದುಕೊಂಡೆವು. ನಿಜವಾದ ತಂತಿಯಲ್ಲಿ ಮಾರ್ಟೆನ್‌ಸೈಟ್ ಹುಟ್ಟುವಾಗ ಗುಪ್ತಶಾಖ ಹೊರಬರುತ್ತದೆ. ಗ್ರಾಂಗೆ 20 ಜೂಲ್ ಹೊರಬಂದು, ಒಂದು ಗ್ರಾಂ ಲೋಹ ಒಂದು ಡಿಗ್ರಿ ಬಿಸಿಯಾಗಲು ಸುಮಾರು 0.5 ಜೂಲ್ ಸಾಕಾದರೆ, ಶಾಖ ಎಲ್ಲೂ ಹೋಗದಿದ್ದಾಗ ತಂತಿ 40 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಡಿಗ್ರಿಗೆ 8 ಮೆಗಾಪ್ಯಾಸ್ಕಲ್ ಇಳಿಜಾರಿನಲ್ಲಿ ಮುಂದಿನ ಬದಲಾವಣೆಗೆ ಬೇಕಾದ ಸ್ಟ್ರೆಸ್ 320 ಮೆಗಾಪ್ಯಾಸ್ಕಲ್ ಮೇಲೇರುತ್ತದೆ. ಬೇಗ ಬೇಗ ಎಳೆದಾಗ ಸಮತಟ್ಟು ಮೇಲಕ್ಕೆ ವಾಲುವುದು ಇದಕ್ಕೆ. ಬಿಡುವಾಗ ಉಲ್ಟಾ: ಶಾಖ ಒಳಗೆ ಸೆಳೆಯುತ್ತದೆ, ತಂತಿ ತಣ್ಣಗಾಗುತ್ತದೆ.

ಎಷ್ಟು ನಿಧಾನ ಎಳೆದರೆ ಈ ಚಿಂತೆ ಬೇಡ? ತಂತಿಗೆ ಒಂದು ತಣಿಯುವ ಕಾಲ ಇದೆ:

ತಣಿಯುವ ಕಾಲ = ಸಾಂದ್ರತೆ × ವಿಶಿಷ್ಟೋಷ್ಣ × ವ್ಯಾಸ ÷ (4 × ಶಾಖ ವರ್ಗಾವಣೆ ಗುಣಾಂಕ)

ಅರ್ಧ ಮಿಲಿಮೀಟರ್ ವ್ಯಾಸ, ಗುಣಾಂಕ ಚದರ ಮೀಟರಿಗೆ, ಡಿಗ್ರಿಗೆ 50 ವ್ಯಾಟ್ ಎಂದು ಇಟ್ಟುಕೊಂಡರೆ 8 ಸೆಕೆಂಡು. 2 ಮಿಲಿಮೀಟರ್ ತಂತಿಗೆ ಅದೇ ಗುಣಾಂಕದಲ್ಲಿ 32 ಸೆಕೆಂಡು. ಬದಲಾವಣೆ ಪೂರ್ತಿ ಆಗಲು ಹಿಡಿಯುವ ಸಮಯ ಇದಕ್ಕಿಂತ ಹತ್ತಾರು ಪಟ್ಟು ಇದ್ದರೆ ತಾಪ ಸ್ಥಿರ ಎನ್ನಬಹುದು. ಸೆಕೆಂಡಿಗೆ 0.0001 ಸ್ಟ್ರೇನ್ ವೇಗದಲ್ಲಿ ಶೇ. 6.7 ದಾಟಲು 670 ಸೆಕೆಂಡು ಬೇಕು, ತೆಳು ತಂತಿಗೆ ಸಾಕಷ್ಟಾಯಿತು. ಅದಕ್ಕಿಂತ ಬೇಗ ಎಳೆಯುವುದಾದರೆ ಪ್ರತಿ ಹೆಜ್ಜೆಯಲ್ಲೂ ತಾಪವನ್ನು ಲೆಕ್ಕ ಹಾಕಿ: ಹೊರಬಂದ ಗುಪ್ತಶಾಖ ಕೂಡಿಸಿ, ಗಾಳಿಗೆ ಹೋದದ್ದನ್ನು ಕಳೆಯಿರಿ, ಹೊಸ ತಾಪದಲ್ಲಿ ನಾಲ್ಕು ಗೆರೆಗಳನ್ನು ಮತ್ತೆ ಹಾಕಿ.

ಪ್ರಯೋಗಕ್ಕೆ ಹೋಲಿಸುವಾಗ

ಮಾಡೆಲ್ ಗ್ರಾಫ್ ಮತ್ತು ಪ್ರಯೋಗದ ಗ್ರಾಫ್ ಒಂದರ ಮೇಲೊಂದು ಇಟ್ಟಾಗ ಕೆಲವು ವ್ಯತ್ಯಾಸ ಬಂದೇ ಬರುತ್ತವೆ. ಪ್ರಯೋಗದಲ್ಲಿ ಸಮತಟ್ಟಿನ ಶುರುವಿಗೆ ಒಂದು ಚಿಕ್ಕ ಮೊನೆ ಕಾಣಬಹುದು. ತಂತಿಯಲ್ಲಿ ಬದಲಾವಣೆ ಎಲ್ಲ ಕಡೆ ಒಟ್ಟಿಗೆ ಆಗುವುದಿಲ್ಲ, ಒಂದು ಕಡೆ ಪಟ್ಟಿಯಾಗಿ ಹುಟ್ಟಿ ಉದ್ದಕ್ಕೆ ಹರಡುತ್ತದೆ. ಆ ಪಟ್ಟಿ ಹುಟ್ಟಲು ಸ್ವಲ್ಪ ಹೆಚ್ಚು ಸ್ಟ್ರೆಸ್ ಬೇಕು. ನಮ್ಮ ಮಾಡೆಲ್ ಇಡೀ ತಂತಿಯ ಸರಾಸರಿ. ಎಕ್ಸ್‌ಟೆನ್ಸೋಮೀಟರ್ (ಹಿಗ್ಗುವಿಕೆ ಅಳೆಯುವ ಸಾಧನ) ತಂತಿಯ ಚಿಕ್ಕ ತುಂಡನ್ನು ಮಾತ್ರ ನೋಡುತ್ತಿದ್ದರೆ ಪಟ್ಟಿ ಅದರೊಳಗೆ ಬರುವ ತನಕ ಏನೂ ಕಾಣಿಸದು, ಬಂದ ಕೂಡಲೇ ಸ್ಟ್ರೇನ್ ಜಿಗಿಯುತ್ತದೆ. ಇದಕ್ಕೆ ಮಾಡೆಲ್‌ನ ಸಂಖ್ಯೆಗಳನ್ನು ತಿದ್ದಲು ಹೋಗಬೇಡಿ. ಹಿಡಿಕೆಯಲ್ಲಿ ತಂತಿ ಜಾರಿದರೂ ಸ್ಟ್ರೇನ್ ಜಾಸ್ತಿ ಕಾಣುತ್ತದೆ. ಶುರುವಿನ ನೇರ ಭಾಗದ ಇಳಿಜಾರು ವಿಪರೀತ ಕಮ್ಮಿ ಬಂದರೆ ಮೊದಲು ಹಿಡಿಕೆ ನೋಡಿ.

ಮಾಡೆಲ್‌ನ ಮಿತಿಯನ್ನೂ ಸಂಖ್ಯೆಯಲ್ಲೇ ಕಾಣಬಹುದು. 120 ಡಿಗ್ರಿ ಹಾಕಿದರೆ ಹೋಗುವಾಗ ಶುರು 912.8 ಮೆಗಾಪ್ಯಾಸ್ಕಲ್ ಎಂದು ಅದು ಧೈರ್ಯವಾಗಿ ಹೇಳುತ್ತದೆ. ಆದರೆ ಅಷ್ಟು ಸ್ಟ್ರೆಸ್‌ಗೆ ಮೊದಲೇ ಆಸ್ಟೆನೈಟ್ ಸಾಮಾನ್ಯ ಲೋಹದ ಹಾಗೆ ಒಳಗೇ ಜಾರಿ ಶಾಶ್ವತವಾಗಿ ಹಿಗ್ಗಬಹುದು. ಎಂಡಿ ಎನ್ನುವ ತಾಪದ ಮೇಲೆ ಎಳೆದರೂ ಮಾರ್ಟೆನ್‌ಸೈಟ್ ಹುಟ್ಟುವುದೇ ಇಲ್ಲ. ನಿಮ್ಮ ಕೋಡ್‌ನಲ್ಲಿ ತಂತಿಯ ಜಾರು ಮಿತಿಯನ್ನು ಒಂದು ಸಂಖ್ಯೆಯಾಗಿ ಇಟ್ಟು, ಲೆಕ್ಕ ಅದನ್ನು ದಾಟಿದರೆ ಎಚ್ಚರಿಕೆ ಕೊಡುವಂತೆ ಮಾಡಿ. ಒತ್ತುವ ಕೆಲಸಕ್ಕೂ ಈ ಸಂಖ್ಯೆಗಳನ್ನು ಹಾಗೇ ಬಳಸಬೇಡಿ: ನಿಟಿನಾಲ್ ಒತ್ತಿದಾಗ ಹೆಚ್ಚು ಸ್ಟ್ರೆಸ್ ಕೇಳುತ್ತದೆ, ಕಮ್ಮಿ ಸ್ಟ್ರೇನ್ ಕೊಡುತ್ತದೆ. ಬಾಗುವ ತಂತಿಯಲ್ಲಿ ಒಂದು ಬದಿ ಎಳೆತ, ಇನ್ನೊಂದು ಬದಿ ಒತ್ತಡ ಇರುವುದರಿಂದ ಒತ್ತಡಕ್ಕೆ ಬೇರೆ ಪಟ್ಟಿ ಬೇಕು. ಆ ಪಟ್ಟಿಯನ್ನೂ ಅದೇ ತಂತಿಯಿಂದ, ಪಳಗಿಸಿದ ಮೇಲೆ, ಮೂರು ತಾಪಗಳಲ್ಲಿ ಅಳೆದು ತುಂಬಿ.